ಕಡಲತೀರದ ಅಜ್ಜಿಯ ಉಡುಪು: ಪಣಜಿಯ ಒಂದು ಅಂಗಡಿ, ಐದು ತಿಂಗಳ ಬಳಕೆ

ಪಣಜಿಯ ಫೊಂಟೇನ್ಹಾಸ್‌ನ ಹಳೆಯ ಓಣಿಯೊಂದರಲ್ಲಿ, ಹಳದಿ ಬಣ್ಣ ಬಳಿದ ಪೋರ್ಚುಗೀಸ್ ಕಾಲದ ಮನೆಯ ಕೆಳ ಅಂತಸ್ತಿನಲ್ಲಿರುವ ಬಟ್ಟೆಯಂಗಡಿಯೊಂದು ಈ ವರ್ಷದ ಬೇಸಿಗೆಯಿಂದ ಐವತ್ತೈದು ದಾಟಿದ ಹೆಂಗಸರಿಗೆಂದೇ ಬೇರೆ ಉಡುಪುಗಳನ್ನು ಮಾರಲು ಶುರುಮಾಡಿದೆ. ಏಪ್ರಿಲ್ ಎರಡನೆಯ ವಾರದಲ್ಲಿ ಮಗಳ ಒತ್ತಾಯಕ್ಕೆ ಅಲ್ಲಿಗೆ ಹೋದ ನಾನು ಒಂದು ಲಿನನ್ ಅಂಗಿಯನ್ನು 3,450 ರೂಪಾಯಿಗೆ, ಸಡಿಲವಾದ ಲಾಡಿ ಪ್ಯಾಂಟನ್ನು 2,900ಕ್ಕೆ, ಮಲ್‌ಮಲ್ ಬಟ್ಟೆಯ ಕಫ್ತಾನನ್ನು 1,800ಕ್ಕೆ, ಹುಲ್ಲಿನ ಟೋಪಿಯೊಂದನ್ನು 950ಕ್ಕೆ ಕೊಂಡು ತಂದೆ. ಒಟ್ಟು 9,100 ರೂಪಾಯಿ. ಪಿಂಚಣಿಯಲ್ಲಿ ಬದುಕುವವಳಿಗೆ ಇದು ಕೈಬೀಸಿ ಖರ್ಚು ಮಾಡುವ ಮೊತ್ತವಲ್ಲ. ಆದ್ದರಿಂದ ಬೇಸಿಗೆಯ ಬೆವರಿನಲ್ಲಿಯೂ ಗೋವೆಯ ಮಳೆಗಾಲದಲ್ಲಿಯೂ ಬಳಸಿ ನೋಡಿದ ಮೇಲೆಯೇ ಬರೆಯೋಣವೆಂದು ಇಷ್ಟು ದಿನ ಸುಮ್ಮನಿದ್ದೆ. ದೂರುಗಳೂ ಇರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ.

ಈ ಉಡುಪಿನ ಹಿಂದಿರುವ ಕಲ್ಪನೆ ನಮ್ಮ ಕಡಲಿನದಲ್ಲ. 2022ರಲ್ಲಿ ಅಮೆರಿಕದ ಯುವತಿಯೊಬ್ಬಳು ಟಿಕ್‌ಟಾಕ್‌ನಲ್ಲಿ ಇದಕ್ಕೆ 'ಕೋಸ್ಟಲ್ ಗ್ರ್ಯಾಂಡ್‌ಮದರ್', ಅಂದರೆ ಕಡಲತೀರದ ಅಜ್ಜಿ, ಎಂದು ಹೆಸರಿಟ್ಟಳು. ಸಮುದ್ರಕ್ಕೆ ಮುಖ ಮಾಡಿದ ದೊಡ್ಡ ಮನೆ, ಬಿಳಿ ಮತ್ತು ಕೆನೆಬಣ್ಣದ ಸಡಿಲ ಬಟ್ಟೆ, ಭುಜದ ಮೇಲೊಂದು ಸ್ವೆಟರ್, ಅಡುಗೆಮನೆಯಲ್ಲಿ ತೋಟದಿಂದ ಕಿತ್ತು ತಂದ ಹೂವು, ಅವಸರವಿಲ್ಲದ ಬೆಳಗು: ಇವಿಷ್ಟು ಸೇರಿದರೆ ಆ ಅಜ್ಜಿ ಸಿದ್ಧಳಾಗುತ್ತಾಳೆ. ಹೆಸರಿಟ್ಟವಳೂ ಅದನ್ನು ಮೊದಲು ಮೆಚ್ಚಿದವರೂ ಬಹುಮಟ್ಟಿಗೆ ಇಪ್ಪತ್ತರ ಹರೆಯದವರೆಂಬುದು ಬೇರೆ ಮಾತು. ಭಾರತದಲ್ಲಿ 2020ರ ಜೂನ್‌ನಲ್ಲಿಯೇ ಟಿಕ್‌ಟಾಕ್ ನಿಷೇಧವಾಗಿದ್ದರೂ ಅಲ್ಲಿಯ ಅಜ್ಜಿ ಮಾತ್ರ ಹೇಗೋ ಗಡಿ ದಾಟಿ ಪಣಜಿಗೆ ಬಂದು ಸೇರಿದ್ದಾಳೆ. ಅಂಗಡಿಯ ಗೋಡೆಯ ಮೇಲೆ ಅವಳ ಆಳೆತ್ತರದ ಚಿತ್ರವೂ ಇದೆ. ಕೂದಲಿಗೆ ಬೆಳ್ಳಿಯ ಬಣ್ಣ ಹಚ್ಚಿಕೊಂಡ, ಕುತ್ತಿಗೆಯಲ್ಲಿ ಒಂದು ಗೆರೆಯೂ ಇಲ್ಲದ, ಮೂವತ್ತು ಮೀರದ ಹುಡುಗಿ ಅವಳು.

ಮೊದಲು ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಅಂಗಿಯ ವಿಷಯದಲ್ಲಿ ಹೇಳಬೇಕಾದ ಒಳ್ಳೆಯದು ಬಹಳವಿದೆ. ಎರಡು ವರ್ಷದಿಂದ ನನ್ನ ಎಡಭುಜ ಹಿಡಿದುಕೊಂಡಿದೆ. ಕೈಯನ್ನು ಹಿಂದಕ್ಕೆ ತಿರುಗಿಸುವುದಾಗಲಿ ತಲೆಯ ಮೇಲಿಂದ ಕುರ್ತಾ ಎಳೆದುಕೊಳ್ಳುವುದಾಗಲಿ ಬೆಳಗಿನ ದೊಡ್ಡ ಸಂಕಟ. ಸೀರೆಯ ಸೆರಗನ್ನು ಭುಜಕ್ಕೆ ಹಾಕಿ ಪಿನ್ನು ಚುಚ್ಚುವುದಕ್ಕೂ ಮನೆಯವರನ್ನು ಕರೆಯಬೇಕಾದ ದಿನಗಳಿವೆ. ಈ ಅಂಗಿ ಮುಂದೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕಂಕುಳಿನ ಹತ್ತಿರ ಚೌಕಾಕಾರದ ಪಟ್ಟಿಯೊಂದನ್ನು ಕೂಡಿಸಿ ಹೊಲಿದಿರುವುದರಿಂದ ನೋವಿರುವ ಕೈಯನ್ನು ಮೊದಲು ತೂರಿಸಿ ಇನ್ನೊಂದನ್ನು ಆಮೇಲೆ ಹಾಕಿಕೊಂಡರೆ ಎಲ್ಲಿಯೂ ಜಗ್ಗುವುದಿಲ್ಲ. ನಮ್ಮಜ್ಜನ ಕಾಲದ ನೆಹರು ಶರ್ಟಿನಲ್ಲಿ ಕಂಕುಳ ಕೆಳಗೆ ಇಂಥದ್ದೇ ಪಟ್ಟಿ ಇರುತ್ತಿದ್ದುದು ನೆನಪಿದೆ. ಈಗಿನ ಸಿದ್ಧ ಉಡುಪಿನವರು ಕಾಲು ಮೀಟರ್ ಬಟ್ಟೆ ಉಳಿಸುವ ಆಸೆಗೆ ಅದನ್ನು ಕೈಬಿಟ್ಟಿದ್ದಾರೆ. ಗುಂಡಿಗಳು ತೆಂಗಿನ ಕರಟದವು, ಎಂಟಾಣೆಯಷ್ಟು ಅಗಲ, ಸಂಧಿವಾತದ ಬೆರಳಿಗೂ ಸಿಗುತ್ತವೆ. ಎಡಕ್ಕೂ ಬಲಕ್ಕೂ ಜೇಬುಗಳಿವೆ, ಅದೂ ಮೊಬೈಲಿನ ತುದಿ ಇಣುಕುವಂಥ ತೋರಿಕೆಯ ಜೇಬಲ್ಲ: ಕನ್ನಡಕದ ಡಬ್ಬಿ, ಮನೆಯ ಬೀಗದ ಕೈ, ಬಿ.ಪಿ. ಗುಳಿಗೆಯ ಚೀಟಿ, ಒಂದು ಕರವಸ್ತ್ರ ಇವಿಷ್ಟನ್ನೂ ಹಾಕಿಕೊಂಡು ಮೀರಾಮಾರ್‌ನಿಂದ ಕರಂಜಾಳೆಯವರೆಗೆ ನಡೆದರೂ ಅಂಗಿ ಒಂದು ಕಡೆಗೆ ಜೋತುಬೀಳಲಿಲ್ಲ. ನಲವತ್ತು ವರ್ಷ ಸೀರೆಯುಟ್ಟು ಬ್ಯಾಂಕಿನ ಕೆಲಸ ಮಾಡಿ, ಬಸ್ಸಿನ ಚಿಲ್ಲರೆಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗಿದವಳಿಗೆ ಜೇಬಿನ ಬೆಲೆ ಏನೆಂದು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಬಟ್ಟೆಯ ಗುಣ. ಲಿನನ್ ಎಂದರೆ ಅಗಸೆ ಗಿಡದ ಕಾಂಡದ ನಾರಿನಿಂದ ತೆಗೆದ ನೂಲು. ಧಾರವಾಡದ ಮನೆಯಲ್ಲಿ ಹುಟ್ಟಿ ದಿನಕ್ಕೆರಡು ಹೊತ್ತು ರೊಟ್ಟಿಯ ಜೊತೆ ಅಗಸಿ ಹಿಂಡಿ ತಿಂದು ಬೆಳೆದ ನನಗೆ, ಮೈಮೇಲಿನ ಅಂಗಿಯೂ ಅದೇ ಗಿಡದ ಕುಲದ್ದೆಂದು ತಿಳಿದಾಗ ನಿಜಕ್ಕೂ ಖುಷಿಯಾಯಿತು. ಆದರೆ ಕಾಳಿಗಾಗಿ ಬೆಳೆಯುವ ತಳಿಗೂ ನಾರಿಗಾಗಿ ಬೆಳೆಯುವ ತಳಿಗೂ ವ್ಯತ್ಯಾಸವಿದೆ: ಕಾಳಿನದು ಗಿಡ್ಡಗೆ ಕವಲೊಡೆದು ಬೆಳೆದರೆ ನಾರಿನದು ಸೊಂಟದೆತ್ತರಕ್ಕೆ ನೇರವಾಗಿ ನಿಲ್ಲುತ್ತದೆ. ನಮ್ಮಲ್ಲಿ ಬಹುಪಾಲು ಬೆಳೆಯುವುದು ಕಾಳಿನ ತಳಿ. ಒಳ್ಳೆಯ ನಾರು ಫ್ರಾನ್ಸ್, ಬೆಲ್ಜಿಯಂ ಕಡೆಯಿಂದ ಬರುತ್ತದೆ. ಅಲ್ಲಿ ಕಿತ್ತ ಗಿಡವನ್ನು ಹೊಲದಲ್ಲಿಯೇ ಹರಡಿ ವಾರಗಟ್ಟಲೆ ಇಬ್ಬನಿಗೆ ಬಿಟ್ಟು, ಕಾಂಡದ ಅಂಟು ಕೊಳೆತು ಸಡಿಲವಾದ ಮೇಲೆ ನಾರು ಬಿಡಿಸುತ್ತಾರೆ. ಪುಂಡಿನಾರನ್ನು ನೀರಿನಲ್ಲಿ ಕೊಳೆಹಾಕಿ ಹಗ್ಗ ಹೊಸೆಯುವುದನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಈ ನಾರು ಬೆವರನ್ನು ಬೇಗ ಹೀರಿ ಬೇಗ ಬಿಟ್ಟುಕೊಡುತ್ತದೆ, ಒದ್ದೆಯಾದಾಗ ಒಣಗಿದ್ದಕ್ಕಿಂತ ಗಟ್ಟಿಯಾಗಿರುತ್ತದೆ, ತೊಳೆದಷ್ಟೂ ಮೆತ್ತಗಾಗುತ್ತದೆ. ಮೇ ತಿಂಗಳಿನಲ್ಲಿ ಪಣಜಿಯ ಮಾರುಕಟ್ಟೆಯ ಒಳಗೆ ಗಾಳಿಯಾಡದೆ ಉಸಿರುಗಟ್ಟುವಾಗ, ಹತ್ತಿಯ ರವಿಕೆ ಬೆನ್ನಿಗೆ ಅಂಟಿ ಚರ್ಮವೇ ಆಗಿಬಿಡುವ ಹೊತ್ತಿನಲ್ಲಿ, ಈ ಅಂಗಿ ಮೈಯಿಂದ ಒಂದು ಬೆರಳು ದೂರದಲ್ಲಿಯೇ ನಿಂತಿತ್ತು. ಮೊದಲ ತೊಳೆತಕ್ಕೆ ತೋಳು ಸುಮಾರು ಒಂದು ಸೆಂಟಿಮೀಟರ್ ಕುಗ್ಗಿತು, ಆಮೇಲೆ ಕುಗ್ಗಲಿಲ್ಲ.

ಸುಕ್ಕಿನ ಮಾತನ್ನು ಮುಚ್ಚಿಡುವಂತಿಲ್ಲ. ಅಗಸೆಯ ನಾರಿಗೆ ಹಿಗ್ಗಿ ಹಿಂದಕ್ಕೆ ಬರುವ ಗುಣವಿಲ್ಲ. ಒಮ್ಮೆ ಮಡಿಚಿಕೊಂಡರೆ ಹಾಗೆಯೇ ಉಳಿಯುತ್ತದೆ. ಕದಂಬ ಬಸ್ಸಿನಲ್ಲಿ ಮಡಗಾಂವಿಗೆ ಹೋಗಿ ಇಳಿಯುವಷ್ಟರಲ್ಲಿ ನನ್ನ ಹೊಟ್ಟೆಯ ಮೇಲಿನ ಭಾಗ ಹುರಿದ ಹಪ್ಪಳದಂತಾಗಿತ್ತು. ಅಂಗಡಿಯವರು ಇದನ್ನು ಚಂದವೆಂದೇ ಹೇಳುತ್ತಾರೆ, ಸುಕ್ಕೇ ಅದರ ಸೊಗಸಂತೆ. ಇಪ್ಪತ್ತೈದರವಳ ಮೇಲೆ ಸುಕ್ಕಿನ ಬಟ್ಟೆ ಸೊಗಸಾಗಿ ಕಾಣಬಹುದು; ಅರವತ್ನಾಲ್ಕರವಳ ಮೇಲೆ ಅದು ಕಂಡರೆ 'ಪಾಪ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ' ಎಂದುಕೊಳ್ಳುವವರೇ ಹೆಚ್ಚು. ನಾನು ಕಂಡುಕೊಂಡ ಉಪಾಯವೆಂದರೆ ಬಟ್ಟೆ ಪೂರ್ತಿ ಒಣಗುವ ಮುನ್ನ, ಇನ್ನೂ ತಣ್ಣಗಿರುವಾಗಲೇ, ಬಿಸಿ ಇಸ್ತ್ರಿ ಹಾಕಿ ಹ್ಯಾಂಗರಿಗೆ ತೂಗುಹಾಕುವುದು. ಒಣಗಿಸಿ ಮಡಿಚಿಟ್ಟ ಮೇಲೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಪ್ಯಾಂಟಿನ ವಿಷಯಕ್ಕೆ ಬಂದರೆ ನನ್ನ ಮೆಚ್ಚುಗೆ ಅಲ್ಲಿಗೇ ನಿಲ್ಲುತ್ತದೆ. ಬೆಲೆಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ 'ಲಿನನ್' ಎಂದಿದ್ದರೂ ಒಳಹೊಲಿಗೆಯ ಸಣ್ಣ ಪಟ್ಟಿಯಲ್ಲಿ ಶೇ. 55 ಲಿನನ್, ಶೇ. 45 ಹತ್ತಿ ಎಂದಿದೆ. ಮಿಶ್ರಣವಾಗಿರುವುದು ತಪ್ಪೇನಲ್ಲ, ಸುಕ್ಕು ಸ್ವಲ್ಪ ಕಡಿಮೆ. ಆದರೆ ಆ ಪಟ್ಟಿಯನ್ನು ಓದಲು ನಾನು ಕನ್ನಡಕವನ್ನೂ ಮಗಳ ಮೊಬೈಲಿನ ದೀಪವನ್ನೂ ಬಳಸಬೇಕಾಯಿತು. ಕೊಳ್ಳುವವರು ಒಳಪಟ್ಟಿಯನ್ನು ಓದಿಯೇ ದುಡ್ಡು ಕೊಡಬೇಕು. ಬಟ್ಟೆಯ ಎಳೆ ಕಿತ್ತು ಸುಟ್ಟು ನೋಡುವ ಹಳೆಯ ಪರೀಕ್ಷೆ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ: ಪಾಲಿಯೆಸ್ಟರ್ ಬೆರೆತಿದ್ದರೆ ಎಳೆ ಕರಗಿ ಗಟ್ಟಿ ಮಣಿಯಾಗುತ್ತದೆ, ಆದರೆ ಹತ್ತಿಯೂ ಲಿನನ್ನೂ ಒಂದೇ ರೀತಿ ಕಾಗದದಂತೆ ಉರಿದು ಬೂದಿಯಾಗುತ್ತವೆ.

ಪ್ಯಾಂಟಿನ ನಿಜವಾದ ಸೋಲು ಅದರ ಬಣ್ಣದಲ್ಲಿಯೂ ಉದ್ದದಲ್ಲಿಯೂ ಇದೆ. ಅದು ಹಾಲುಬಿಳಿ, ಅಂಚು ಪಾದದ ಮೇಲೆ ಬಂದು ಬೀಳುತ್ತದೆ. ಗೋವೆಯ ನೆಲ ಜಂಬಿಟ್ಟಿಗೆಯದು, ಅಂದರೆ ಕಬ್ಬಿಣದ ಅಂಶದಿಂದ ಕೆಂಪಾದ ಮಣ್ಣು. ಜೂನ್ ಮೊದಲ ವಾರ ಮಳೆ ಹಿಡಿದ ಮೇಲೆ ಇಲ್ಲಿ ಬೀದಿ, ಅಂಗಳ, ಚರಂಡಿ ಎಲ್ಲವೂ ಒಂದೇ ಬಣ್ಣ. ಆಲ್ತಿನೊ ಗುಡ್ಡದಿಂದ ಇಳಿಯುತ್ತಿದ್ದ ನನ್ನ ಪಕ್ಕದಲ್ಲಿ ಸ್ಕೂಟರೊಂದು ಹಾದುಹೋಯಿತು, ಅಷ್ಟೇ. ಮೊಣಕಾಲಿನವರೆಗೆ ಇಟ್ಟಿಗೆ ಬಣ್ಣದ ಚುಕ್ಕೆಗಳು, ಅಂಚಿನಲ್ಲಿ ನಾಲ್ಕು ಬೆರಳಗಲದ ಕೆಂಪು ಪಟ್ಟಿ. ಅವಸರದಲ್ಲಿ ಬ್ಲೀಚ್ ಹಾಕಿದ್ದು ನನ್ನದೇ ತಪ್ಪು: ಕಬ್ಬಿಣದ ಕಲೆಗೆ ಬ್ಲೀಚ್ ಬಿದ್ದರೆ ಅದು ಹೋಗುವ ಬದಲು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಆಮೇಲೆ ನಿಂಬೆರಸ ಮತ್ತು ಉಪ್ಪು ಸವರಿ ಬಿಸಿಲಿಗೆ ಇಡೋಣವೆಂದರೆ ಬಿಸಿಲು ಎಲ್ಲಿದೆ? ಹದಿನೈದು ದಿನ ಬಿಟ್ಟು ಒಂದು ಬೆಳಗ್ಗೆ ಬಿಸಿಲು ಬಂದಾಗ ಮಾಡಿ ನೋಡಿದೆ. ಚುಕ್ಕೆಗಳು ಮಸುಕಾದವು, ಅಂಚಿನ ಪಟ್ಟಿ ಹಾಗೆಯೇ ಉಳಿಯಿತು. ಈಗ ಆ ಪ್ಯಾಂಟು ಮನೆಯೊಳಗಿನ ಉಡುಪು. ಇದನ್ನು ಯೋಚಿಸಿದವರು ಬೇರೆ ಯಾವುದೋ ದೇಶದ ಬಿಳಿ ಮರಳಿನ ದಂಡೆಯನ್ನು ಕಣ್ಣಮುಂದೆ ಇಟ್ಟುಕೊಂಡಿದ್ದರೇ ಹೊರತು ಅಂಗಡಿಯ ಬಾಗಿಲಲ್ಲಿಯೇ ಇರುವ ಕೆಂಪು ನೆಲವನ್ನು ನೋಡಿರಲಿಲ್ಲ.

ಬಿಳಿಯ ಬಗ್ಗೆ ಇನ್ನೊಂದು ಮಾತಿದೆ. ಅದು ಕಲೆಗಿಂತ ಸೂಕ್ಷ್ಮವಾದದ್ದು. ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟ ಫೋಟೋವನ್ನು ಹುಬ್ಬಳ್ಳಿಯ ಅಕ್ಕನಿಗೆ ಕಳಿಸಿದಾಗ ಅವಳು ಐದು ನಿಮಿಷದೊಳಗೆ ಫೋನ್ ಮಾಡಿ, "ಯಜಮಾನ್ರು ಗಟ್ಟಿಮುಟ್ಟ ಇದ್ದಾರ, ನೀ ಯಾಕವ್ವ ಹಿಂಗ ಬೋಳ ಬೋಳ ಬಿಳಿ ಹಾಕ್ಕೊಂಡಿ?" ಎಂದಳು. ನಕ್ಕೆ, ಆದರೆ ಮಾತು ನಾಟಿತು. ನಮ್ಮ ತಾಯಂದಿರ ತಲೆಮಾರಿನಲ್ಲಿ ವಯಸ್ಸಾದ ಹೆಂಗಸು ಬಣ್ಣ ಬಿಡುವುದು ಅವಳ ಆಯ್ಕೆಯಾಗಿರಲಿಲ್ಲ. ಗಂಡ ಸತ್ತ ಮೇಲೆ ಮನೆಯವರು, ಊರವರು ಬಿಡಿಸುತ್ತಿದ್ದುದು. ಅಮೆರಿಕದ ಅಜ್ಜಿಗೆ ಬಿಳಿಯೆಂದರೆ ರಜೆ, ನಮಗೆ ಅದರ ಅಂಚಿನಲ್ಲಿ ಇನ್ನೇನೋ ಅಂಟಿಕೊಂಡಿದೆ. ಮಾರುವವರು ಇದನ್ನು ತಿಳಿದಿರಬೇಕು. ಅಂಗಡಿಯಲ್ಲಿದ್ದ ಬಣ್ಣಗಳು ಬಿಳಿ, ಕೆನೆ, ಮರಳು, ತಿಳಿನೀಲಿ ಇಷ್ಟೇ. ಜೊತೆಗೆ ನೀಲಿ ಪಟ್ಟೆಯ ಬನಿಯನ್ನಿನಂಥದ್ದೊಂದು. ಆ ಪಟ್ಟೆಯದು ಫ್ರೆಂಚ್ ನೌಕಾಪಡೆ 1858ರಲ್ಲಿ ನಾವಿಕರಿಗೆ ಗೊತ್ತುಮಾಡಿದ ಅಂಗಿಯ ಮರಿಮಗಳು. ನನಗೆ ಅದು ಹಿಡಿಸಲಿಲ್ಲ, ಎದೆಯ ಮೇಲೆ ಜಮಖಾನೆ ಹೊದ್ದಂತಿತ್ತು.

ಗೋವೆಯ ಕಡಲತೀರದ ಅಜ್ಜಿಯಂತೂ ಎಂದೂ ಕೆನೆಬಣ್ಣದವಳಾಗಿರಲಿಲ್ಲ. ಇಲ್ಲಿಯ ಬೇಸಾಯಗಾರ ಸಮುದಾಯವಾದ ಕುಣಬಿ ಹೆಂಗಸರ ಸೀರೆ ಕೆಂಪು ನೆಲದ ಮೇಲೆ ಬಿಳಿ ಚೌಕಳಿಯದು. ಗದ್ದೆಯ ಕೆಸರಿನಲ್ಲಿ ನಾಟಿ ಮಾಡುವಾಗ ತೊಡರದಂತೆ ಮೊಣಕಾಲಿನ ಹತ್ತಿರಕ್ಕೆ ಎತ್ತಿ ಉಟ್ಟು, ಭುಜದ ಮೇಲೆ ಗಂಟು ಹಾಕುವ ಸೀರೆ. ಪಿನ್ನಿಲ್ಲ, ನಿರಿಗೆಯ ರಗಳೆಯಿಲ್ಲ, ಕೆಂಪು ಮಣ್ಣು ಬಿದ್ದರೆ ಗೊತ್ತೂ ಆಗುವುದಿಲ್ಲ. ಮರೆಯಾಗುತ್ತಿದ್ದ ಈ ಸೀರೆಯನ್ನು ಮತ್ತೆ ನೇಯಿಸಿ ಜನರ ಮುಂದೆ ತಂದವರು, 2014ರಲ್ಲಿ ಪದ್ಮಶ್ರೀ ಪಡೆದು 2020ರಲ್ಲಿ ತೀರಿಕೊಂಡ ಗೋವೆಯ ವಸ್ತ್ರವಿನ್ಯಾಸಕಾರ ವೆಂಡೆಲ್ ರೊಡ್ರಿಕ್ಸ್. ಕೋಲ್ವಾಳೆಯಲ್ಲಿ ಅವರಿದ್ದ ಹಳೆಯ ಮನೆ ಈಗ ಗೋವೆಯ ಉಡುಪಿನ ಸಂಗ್ರಹಾಲಯವಾಗಿದೆ. ಅಂಥ ಊರಿನಲ್ಲಿ ಅಂಗಡಿ ಇಟ್ಟುಕೊಂಡು, ಒಂದು ಅಂಗಿಗಾದರೂ ಆ ಚೌಕಳಿಯ ಬಟ್ಟೆ ಬಳಸದಿರುವುದು ನನಗೆ ಆಲಸ್ಯವಾಗಿ ಕಾಣುತ್ತದೆ.

ಕಫ್ತಾನಿನ ಬಗ್ಗೆ ಹೆಚ್ಚು ಬರೆಯುವುದೇನೂ ಇಲ್ಲ. ಚೆನ್ನಾಗಿದೆ, ನೈಟಿಗಿಂತ ಮರ್ಯಾದಸ್ಥವಾಗಿದೆ, ಹಾಲಿನವನು ಬಂದಾಗ ಮೇಲೆ ಟವೆಲ್ ಹೊದೆಯಬೇಕಾಗಿಲ್ಲ.

ಟೋಪಿಯನ್ನು ಮಾತ್ರ ಯಾರೂ ಕೊಳ್ಳಬೇಡಿ, ತಲೆಯಲ್ಲಿ ತುರುಬಿದ್ದರೆ ಖಂಡಿತ ಬೇಡ. ಅದನ್ನು ಕತ್ತರಿಸಿದ ಕೂದಲಿನ ತಲೆಗೆ ಮಾಡಿದ್ದಾರೆ. ತುರುಬಿನ ಮೇಲೆ ಇಟ್ಟರೆ ಮುಂದಕ್ಕೆ ವಾಲಿ ಕಣ್ಣು ಮುಚ್ಚುತ್ತದೆ, ತುರುಬನ್ನು ಕೆಳಗಿಳಿಸಿದರೆ ಹಿಂದಕ್ಕೆ ಎದ್ದು ನಿಲ್ಲುತ್ತದೆ. ಗದ್ದಕ್ಕೆ ಕಟ್ಟುವ ದಾರವಿಲ್ಲದಿರುವುದರಿಂದ ಮಾಂಡೋವಿ ನದಿ ಸಮುದ್ರ ಸೇರುವ ಮೀರಾಮಾರ್‌ನ ಗಾಳಿಗೆ ಎರಡನೆಯ ದಿನವೇ ಹಾರಿಹೋಯಿತು. ಕಡಲೆಕಾಯಿ ಮಾರುವ ಹುಡುಗನೊಬ್ಬ ಓಡಿ ಹಿಡಿದು ತಂದುಕೊಟ್ಟು, ನನ್ನ ಕುಂಕುಮ ನೋಡಿಯೋ ಏನೋ, "ಅಮ್ಮ, ಸೆರಗು ಹೊತ್ಕೊಂಡ್ರ ಸಾಕಿತ್ತು" ಎಂದು ಅಪ್ಪಟ ಕನ್ನಡದಲ್ಲಿಯೇ ಹೇಳಿದ. ಬದಾಮಿ ಕಡೆಯವನಂತೆ. ಅವನಿಂದ ಇಪ್ಪತ್ತು ರೂಪಾಯಿಯ ಕಡಲೆಕಾಯಿ ಕೊಂಡೆ.

ಅಂಗಡಿಯ ಒಳಗಿನ ವ್ಯವಸ್ಥೆಯ ಬಗ್ಗೆ ಹೇಳಲೇಬೇಕಾದದ್ದು ಇದೆ. ಐವತ್ತೈದು ದಾಟಿದವರಿಗೆಂದು ಫಲಕ ಹಾಕಿದ ಅಂಗಡಿಗೆ ಬೀದಿಯಿಂದ ಮೂರು ಎತ್ತರದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ಒಳಗಿನ ಕೆಂಪು ಗಾರೆಯ ನೆಲ ಕನ್ನಡಿಯಂತೆ ಹೊಳೆಯುತ್ತದೆ. ನೋಡಲು ಚಂದ, ಮಳೆಯ ಚಪ್ಪಲಿಯಲ್ಲಿ ಕಾಲಿಡಲು ಭಯ. ಬಟ್ಟೆ ಹಾಕಿ ನೋಡುವ ಕೋಣೆಯಲ್ಲಿ ಕೂರಲು ಒಂದು ಸ್ಟೂಲೂ ಇಲ್ಲ. ಮೊಣಕಾಲು ಸವೆದವಳು ನಿಂತುಕೊಂಡು ಪ್ಯಾಂಟು ಬದಲಿಸುವುದು ಹೇಗೆಂದು ಆ ಕೋಣೆ ಮಾಡಿಸಿದವರು ಒಮ್ಮೆ ಯೋಚಿಸಿದ್ದರೆ ಸಾಕಿತ್ತು. ನಾನು ಗೋಡೆಗೆ ಬೆನ್ನು ಕೊಟ್ಟು, ಒಂದು ಕಾಲು ತೂರಿಸಿ, ಮಗಳನ್ನು ಕರೆದೆ. ಅಲ್ಲಿ ಕೆಲಸ ಮಾಡುವ ಸವದತ್ತಿಯ ಹುಡುಗಿ ತನ್ನ ಬಿಲ್ಲಿನ ಮೇಜಿನ ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ತಂದು ಪರದೆಯೊಳಗೆ ತಳ್ಳಿದಳು. ಇಡೀ ಅಂಗಡಿಯಲ್ಲಿ ವಯಸ್ಸಾದವರ ಬಗ್ಗೆ ತಿಳಿವಳಿಕೆ ಇದ್ದದ್ದು ಅವಳೊಬ್ಬಳಿಗೆ. ಪ್ಯಾಂಟಿನ ಅಂಚನ್ನು ಎರಡು ಇಂಚು ಮೇಲಕ್ಕೆ ಮಡಿಚಿ ಹೊಲಿದುಕೊಡಿ ಎಂದು ಅವಳ ಮೂಲಕ ಕೇಳಿಸಿದಾಗ ಮಾಲೀಕರ ಕಡೆಯಿಂದ ಬಂದ ಉತ್ತರ, ವಿನ್ಯಾಸ ಕೆಡುತ್ತದೆ ಎಂಬುದು. ಅಂದು ಹೊಲಿದುಕೊಟ್ಟಿದ್ದರೆ ಜೂನ್‌ನ ಕೆಸರು ಅಷ್ಟಾದರೂ ತಪ್ಪುತ್ತಿತ್ತು.

ತಿಂಗಳಿಗೊಮ್ಮೆ ಇದೇ ಅಂಗಡಿಯವರು 'ಕಡಲ ಬೆಳಗು' ಎಂದು ಕೂಟವೊಂದನ್ನು ನಡೆಸುತ್ತಾರೆ. 600 ರೂಪಾಯಿ ಕೊಟ್ಟು ಮೇ ತಿಂಗಳಿನದಕ್ಕೆ ಹೋಗಿದ್ದೆ. ಸೇರುವ ಹೊತ್ತು ಎಂಟೂವರೆ. ಆ ಹೊತ್ತಿಗೆ ಮೇ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು. ಆರು ಗಂಟೆಗೆ ದಂಡೆಯಲ್ಲಿ ನಡೆದವರಿಗೆ ಗೊತ್ತು, ನೀರು ಈಗಷ್ಟೇ ಹಿಂದೆ ಸರಿದ ಒದ್ದೆ ಮರಳು ಗಟ್ಟಿಯಾಗಿ, ತಂಪಾಗಿ, ಮೊಣಕಾಲಿಗೆ ಹಿತವಾಗಿರುತ್ತದೆ. ಒಣಮರಳಿನಲ್ಲಿ ಕಾಲು ಹೂತು ಹೂತು ಸೊಂಟ ಹಿಡಿಯುತ್ತದೆ. ನಮ್ಮನ್ನು ನಡೆಸಿದ್ದು ಒಣಮರಳಿನಲ್ಲಿ, ಏಕೆಂದರೆ ಫೋಟೋದಲ್ಲಿ ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತಿತ್ತಂತೆ. ನಡಿಗೆ ಮುಗಿದ ಮೇಲೆ ಹಳೆಯ ಮನೆಯೊಂದರ ಬಲ್ಕಾವ್‌ನಲ್ಲಿ ಚಹಾ. ಬಲ್ಕಾವ್ ಎಂದರೆ ಗೋವೆಯ ಮನೆಗಳ ಮುಂದೆ ಮೆಟ್ಟಿಲು ಹತ್ತಿದ ಕೂಡಲೇ ಎರಡು ಬದಿಗೆ ಕಲ್ಲಿನ ಆಸನವಿರುವ ಜಗಲಿ, ನಮ್ಮ ಕಟ್ಟೆಯ ತಂಗಿ. ಅಲ್ಲಿ ಕುಳಿತ ಒಂದು ಗಂಟೆ ಮಾತ್ರ ಕೊಟ್ಟ ದುಡ್ಡಿಗೆ ಮೋಸವಾಗಲಿಲ್ಲ. ನಿವೃತ್ತ ನರ್ಸ್ ಒಬ್ಬರು, ವಾಸ್ಕೋದಿಂದ ಬಂದಿದ್ದ ಕಾರವಾರದ ಕೊಂಕಣಿ ಹೆಂಗಸೊಬ್ಬರು, ಐವತ್ತು ವರ್ಷದಿಂದ ಫ್ರಾಕು ತೊಡುತ್ತಿರುವ ಸಾಂತಾಕ್ರೂಜಿನ ಅಜ್ಜಿಯೊಬ್ಬರು ಮತ್ತು ನಾನು, ಉಡುಪಿನ ಮಾತು ಬಿಟ್ಟು ಮೀನಿನ ಬೆಲೆ, ಸೊಸೆಯಂದಿರ ಅಡುಗೆ, ಮೂತ್ರದ ಆತುರ ಎಲ್ಲವನ್ನೂ ಮಾತಾಡಿದೆವು. ಫ್ರಾಕಿನ ಅಜ್ಜಿ ನನ್ನ ಅಂಗಿಯ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಬೆಲೆ ಕೇಳಿ, ತನ್ನ ದರ್ಜಿ ಇದನ್ನು ಎಷ್ಟಕ್ಕೆ ಹೊಲಿಯುತ್ತಾನೆಂದು ಹೇಳಿದ ಸಂಖ್ಯೆಯನ್ನು ಇಲ್ಲಿ ಬರೆದರೆ ಅಂಗಡಿ ಮುಚ್ಚಬೇಕಾದೀತು.

ಮಳೆಗಾಲದಲ್ಲಿ ಈ ಬಟ್ಟೆಯನ್ನು ಎತ್ತಿಡುವ ಬಗ್ಗೆ ಒಂದು ಎಚ್ಚರಿಕೆ. ಲಿನನ್ನೂ ಹತ್ತಿಯಂತೆ ಸಸ್ಯದ ನಾರೇ ಆದ್ದರಿಂದ ಗೋವೆಯ ಜುಲೈ ತಿಂಗಳ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಕಪಾಟಿನಲ್ಲಿ ಮೂರು ವಾರ ಬಿಟ್ಟ ಅಂಗಿಯ ಕಾಲರಿನ ಒಳಬದಿಯಲ್ಲಿ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಮೂಡಿದ್ದವು. ಅಭ್ಯಾಸಬಲದಿಂದ ನಾನು ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದೆ. ಗಂಜಿಯೆಂದರೆ ಬೂಷ್ಟಿಗೆ ಹಬ್ಬದೂಟ. ಮಳೆಗಾಲದಲ್ಲಿ ಗಂಜಿ ಬೇಡ, ಮಡಿಕೆ ಬೇಡ, ವಾರಕ್ಕೊಮ್ಮೆ ತೆಗೆದು ಫ್ಯಾನಿನ ಕೆಳಗೆ ತೂಗುಹಾಕಬೇಕು. ಅಂಗಡಿಯವರು ಕೊಟ್ಟ ದಪ್ಪ ಕಾಗದದ ಚೀಟಿಯಲ್ಲಿ ಲ್ಯಾವೆಂಡರ್ ಹೂವಿನ ಪೊಟ್ಟಣ ಇಡಿ ಎಂದು ಬರೆದಿತ್ತೇ ಹೊರತು ಇದೊಂದೂ ಇರಲಿಲ್ಲ.

ಕಳೆದ ವಾರ ಆ ಅಂಗಿಯನ್ನು ನಮ್ಮ ಓಣಿಯ ಗದಗಿನ ದರ್ಜಿಯ ಹತ್ತಿರ ಒಯ್ದೆ. ಅವನು ಅದನ್ನು ಮೇಜಿನ ಮೇಲೆ ಹರಡಿ, ಒಳಗನ್ನು ಹೊರಗೆ ಮಾಡಿ, ಕಂಕುಳಿನ ಪಟ್ಟಿಯನ್ನು ಬೆರಳಿನಿಂದ ಅಳೆದು, ಯಾರೋ ತಿಳಿದವರೇ ಹೊಲಿದಿದ್ದಾರೆ ಎಂದ. ನನ್ನ ಬಳಿ ಮಂಗಳೂರಿನ ಕಡೆಯವರು ಕೊಟ್ಟ ಎರಡು ಉಡುಪಿ ಕೈಮಗ್ಗದ ಸೀರೆಗಳಿವೆ, ಒಂದು ಸಾಸಿವೆ ಹಳದಿ, ಇನ್ನೊಂದು ಎಲೆಹಸಿರಿಗೆ ಕೆಂಪು ಅಂಚು. ತೆಳುವಾದ ಹತ್ತಿ, ಉಟ್ಟದ್ದು ಕಡಿಮೆ. ಹಳದಿಯದನ್ನು ಕೊಟ್ಟಿದ್ದೇನೆ. ಒಂದು ಅಂಗಿಗೆ ಎರಡೂವರೆ ಮೀಟರ್ ಸಾಕಾದರೆ ಉಳಿದದ್ದರಲ್ಲಿ ಮೊಣಕಾಲಿನ ಕೆಳಗೆ ನಾಲ್ಕು ಬೆರಳಿಗೆ ನಿಲ್ಲುವ ಪ್ಯಾಂಟೊಂದು ಆಗುತ್ತದೆಯೇ ಎಂದು ಅವನು ಸೀಮೆಸುಣ್ಣದಿಂದ ಲೆಕ್ಕ ಹಾಕುತ್ತಿದ್ದ. ಜೇಬು ಎಷ್ಟು ಆಳ ಬೇಕೆಂದು ಕೇಳಿದ. ಕನ್ನಡಕದ ಡಬ್ಬಿಯನ್ನು ಅವನ ಕೈಗೇ ಕೊಟ್ಟು ಬಂದಿದ್ದೇನೆ. ಗುರುವಾರ ಬಾ ಎಂದಿದ್ದಾನೆ, ಅಲ್ಲಿಯವರೆಗೆ ಕನ್ನಡಕ ಸೆರಗಿನ ಗಂಟಿನಲ್ಲಿದೆ.